ಟಿಕೆಟ್ಟಿಗೂ ಮುಂಚಿನ ಸಮೀಕ್ಷೆ



2023ರ ಜನವರಿಯಲ್ಲಿ ಯಾರೋ ಕಲಘಟಗಿಗೆ ಬಂದು, ಬರುವ ವಿಧಾನಸಭಾ ಚುನಾವಣೆಯಲ್ಲಿ ನಿಮ್ಮ ಮತ ಯಾರಿಗೆ ಎಂದು ಮನೆಮನೆ ತಿರುಗಿ ಕೇಳಿದರು ಅಂತಿಟ್ಟುಕೊಳ್ಳಿ. ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ಯಾರ ಹೆಸರಿರುತ್ತಿತ್ತು? ಬಿಜೆಪಿಯಿಂದ ಆಗಿನ ಶಾಸಕ ಸಿ.ಎಂ. ನಿಂಬಣ್ಣವರ. ಕಾಂಗ್ರೆಸ್ಸಿನಿಂದ ಸಂತೋಷ್ ಲಾಡ್, ಇಲ್ಲವೇ ಅದೇ ಟಿಕೆಟ್ಟಿಗೆ ಪಟ್ಟು ಹಿಡಿದಿದ್ದ ನಾಗರಾಜ ಛಬ್ಬಿ. ಮೇ 10ರಂದು ಮತಗಟ್ಟೆಗೆ ಹೋದವರಿಗೆ ಕಂಡದ್ದೇ ಬೇರೆ. ನಿಂಬಣ್ಣವರಿಗೆ ಟಿಕೆಟ್ ತಪ್ಪಿತ್ತು. ಕಾಂಗ್ರೆಸ್ ಟಿಕೆಟ್ ಲಾಡ್ ಅವರ ಪಾಲಾಗಿತ್ತು. ಅದು ಕೈತಪ್ಪಿದ ಛಬ್ಬಿಯವರು ಏಪ್ರಿಲ್‌ನಲ್ಲಿ ಬಿಜೆಪಿ ಸೇರಿ, ಆ ಪಕ್ಷದ ಅಭ್ಯರ್ಥಿಯಾಗಿಯೇ ಕಣದಲ್ಲಿದ್ದರು. ಕೊನೆಗೆ ಗೆದ್ದವರು ಲಾಡ್. ಜನವರಿಯ ಆ ಸಮೀಕ್ಷೆ ಎಷ್ಟೇ ಪ್ರಾಮಾಣಿಕವಾಗಿದ್ದರೂ, ನಡೆಯದೇ ಹೋದ ಒಂದು ಚುನಾವಣೆಯ ಫಲಿತಾಂಶವನ್ನು ಹೇಳುತ್ತಿತ್ತು.

ಬಹಳ ಮುಂಚೆ ನಡೆಸಿದ ಸಮೀಕ್ಷೆಯಲ್ಲಿ ಹಿಂದೆ ಬಿದ್ದ ಅಭ್ಯರ್ಥಿ ಗೆಲ್ಲಬಲ್ಲನೋ ಇಲ್ಲವೋ ಎಂಬುದನ್ನು ಆ ಸಮೀಕ್ಷೆಯೇ ಹೇಳಬಲ್ಲುದೆ? ಇವತ್ತಿನ ಮಾತು ಇದರ ಬಗ್ಗೆ.

ಈ ಪ್ರಶ್ನೆ ಹೆಚ್ಚಾಗಿ ಕೇಳಿಬರುವುದು ಅಮೆರಿಕದಲ್ಲಿ. ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದನ್ನು ಅಲ್ಲಿ ಹೈಕಮಾಂಡ್ ತೀರ್ಮಾನಿಸುವುದಿಲ್ಲ, ಮತದಾರರೇ ತೀರ್ಮಾನಿಸುತ್ತಾರೆ. ಅದಕ್ಕೆ ಪ್ರೈಮರಿ ಎನ್ನುತ್ತಾರೆ. ರಾಜ್ಯದ ನಂತರ ರಾಜ್ಯ, ತಿಂಗಳುಗಟ್ಟಲೆ ಈ ಮತದಾನ ನಡೆಯುತ್ತದೆ. 1976ರ ಆರಂಭದಲ್ಲಿ ಜಾರ್ಜಿಯಾದ ಮಾಜಿ ಗವರ್ನರ್ ಜಿಮ್ಮಿ ಕಾರ್ಟರ್ ಅವರಿಗೆ ಡೆಮಾಕ್ರಟಿಕ್ ಪಕ್ಷದ ಸಮೀಕ್ಷೆಗಳಲ್ಲಿ ಶೇಕಡಾ 5ರಷ್ಟೂ ಬೆಂಬಲ ಇರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಅವರು ಅಧ್ಯಕ್ಷರಾಗಿ ಆಯ್ಕೆಯಾದರು. ತದ್ವಿರುದ್ಧ ಉದಾಹರಣೆಯೂ ಇದೆ. ನ್ಯೂಯಾರ್ಕಿನ ಮಾಜಿ ಮೇಯರ್ ರೂಡಿ ಜೂಲಿಯಾನಿ 2007ರ ಬಹುಪಾಲು ರಿಪಬ್ಲಿಕನ್ ಸಮೀಕ್ಷೆಗಳಲ್ಲಿ ಎಲ್ಲರಿಗಿಂತ ಮುಂದಿದ್ದರು. 2008ರ ಜನವರಿ ಮುಗಿಯುವಷ್ಟರಲ್ಲಿ ಒಂದು ರಾಜ್ಯವನ್ನೂ ಗೆಲ್ಲದೆ ಕಣದಿಂದ ಹಿಂದೆ ಸರಿದರು.

ಹಾಗಂತ ಮುಂಚಿನ ಸಮೀಕ್ಷೆಗಳೆಲ್ಲ ಸುಳ್ಳು ಎನ್ನಲಾಗದು. 2000ದಲ್ಲಿ ಜಾರ್ಜ್ ಬುಷ್, ಅಲ್ ಗೋರ್ ಇಬ್ಬರೂ ಮೊದಲಿನಿಂದಲೂ ಮುಂದಿದ್ದರು, ಇಬ್ಬರೂ ತಂತಮ್ಮ ಪಕ್ಷದ ಅಭ್ಯರ್ಥಿಗಳಾದರು. 2015ರ ಜುಲೈ ಹೊತ್ತಿಗೇ ಡೊನಾಲ್ಡ್ ಟ್ರಂಪ್ ಸಮೀಕ್ಷೆಗಳಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದರು. ಇದು ನಡೆಯುವ ಕುದುರೆಯಲ್ಲ ಎಂದವರು ಪಂಡಿತರು, ಸಮೀಕ್ಷೆಗಳಲ್ಲ.

ಹಾಗಾದರೆ ಈ ಅಂಕಿ ಅಳೆಯುವುದು ಏನನ್ನು? ಬಹುಮಟ್ಟಿಗೆ ಹೆಸರಿನ ಪರಿಚಯವನ್ನು. ಚುನಾವಣೆ ದೂರ ಇದ್ದಾಗ ಕೇಳಿದರೆ ಜನ ತಮಗೆ ಗೊತ್ತಿರುವ ಹೆಸರು ಹೇಳುತ್ತಾರೆ. ಆದ್ದರಿಂದ ಇಬ್ಬರು ಅಭ್ಯರ್ಥಿಗಳಿಗೆ ಶೇಕಡಾ 5ರಷ್ಟೇ ಬೆಂಬಲ ಬಂದಿದ್ದರೂ ಅವರ ಸ್ಥಿತಿ ಒಂದೇ ಅಲ್ಲ. ಒಬ್ಬರ ಹೆಸರನ್ನೇ ಜನ ಕೇಳಿಲ್ಲ. ಇನ್ನೊಬ್ಬರನ್ನು ಊರೆಲ್ಲ ಬಲ್ಲದು, ಬಲ್ಲವರೇ ಬೇಡ ಅಂದಿದ್ದಾರೆ. ಮೊದಲನೆಯವರಿಗೆ ಮೇಲೆ ಬರಲು ಜಾಗವಿದೆ, ಎರಡನೆಯವರಿಗೆ ಇಲ್ಲ. ಕಾರ್ಟರ್ ಮೊದಲ ಬಗೆಯವರು. ಅಯೋವಾ ಎಂಬ ಸಣ್ಣ ರಾಜ್ಯದಲ್ಲಿ ಉಳಿದ ಅಭ್ಯರ್ಥಿಗಳಿಗಿಂತ ಹೆಚ್ಚು ಬೆಂಬಲ ಗಳಿಸಿದಾಗ ದೇಶವೆಲ್ಲ ಅವರ ಹೆಸರು ಕೇಳಿತು. ಮುಂದಿನ ರಾಜ್ಯಕ್ಕೆ ಹೋಗುವಷ್ಟರಲ್ಲಿ ಅವರು ಅಪರಿಚಿತರಾಗಿ ಉಳಿದಿರಲಿಲ್ಲ.

ನಮ್ಮಲ್ಲಿ ಈ ಏಣಿ ಇಲ್ಲ. ಒಂದು ಕ್ಷೇತ್ರದ ಮತದಾನ ಒಂದೇ ದಿನಕ್ಕೆ ಮುಗಿಯುತ್ತದೆ. ಕಾಂಗ್ರೆಸ್ 2014ರ ಲೋಕಸಭಾ ಚುನಾವಣೆಗೆ ಮುನ್ನ ಪ್ರೈಮರಿಯಂಥ ಒಂದು ಪ್ರಯೋಗ ಮಾಡಿತ್ತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಕ್ಷೇತ್ರಗಳಲ್ಲಿ ಪಕ್ಷದ ಪದಾಧಿಕಾರಿಗಳು, ಪ್ರತಿನಿಧಿಗಳು ಮತ ಹಾಕಿ ಅಭ್ಯರ್ಥಿಯನ್ನು ಆರಿಸಿದರು. ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಗೆದ್ದರು. ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಲಕ್ಷಕ್ಕಿಂತ ಹೆಚ್ಚು ಮತಗಳಿಂದ ಸೋತರು. ಪಕ್ಷದ ಕಚೇರಿಯೊಳಗಿನ ಒಲವು ಬೇರೆ, ಬೀದಿಯ ಒಲವು ಬೇರೆ.

ಹೀಗಾಗಿ ನಮ್ಮಲ್ಲಿ ಹಿಂದಿದ್ದವರನ್ನು ಒಂದೇ ದಿನದಲ್ಲಿ ಮುಂದೆ ತರುವ ಶಕ್ತಿ ಇರುವುದು ಟಿಕೆಟ್ಟಿಗೆ. ಕಲಘಟಗಿಯಲ್ಲೇ ಇದಕ್ಕೆ ಸಾಕ್ಷಿ ಇದೆ. 2018ರಲ್ಲಿ ಬಿಜೆಪಿ ಇಲ್ಲಿಗೆ ಮೊದಲು ಘೋಷಿಸಿದ್ದು ಮಹೇಶ ಟೆಂಗಿನಕಾಯಿ ಅವರ ಹೆಸರನ್ನು. ಸ್ಥಳೀಯ ಕಾರ್ಯಕರ್ತರು ಒಪ್ಪಲಿಲ್ಲ. ನಾಮಪತ್ರದ ಗಡುವು ಹತ್ತಿರ ಬಂದಾಗ ಪಕ್ಷ ಅವರನ್ನು ಬದಲಿಸಿ ನಿಂಬಣ್ಣವರಿಗೆ ಟಿಕೆಟ್ ಕೊಟ್ಟಿತು. ಎದುರಿಗಿದ್ದವರು 2008, 2013ರಲ್ಲಿ ಸತತ ಗೆದ್ದು, ಮಂತ್ರಿಯೂ ಆಗಿದ್ದ ಸಂತೋಷ್ ಲಾಡ್. ಮೊದಲ ಪಟ್ಟಿಯಲ್ಲಿ ಹೆಸರೇ ಇರದಿದ್ದ ನಿಂಬಣ್ಣವರ ಸುಮಾರು 26 ಸಾವಿರ ಮತಗಳ ಅಂತರದಿಂದ ಗೆದ್ದರು.

ಇನ್ನು ಟಿಕೆಟ್ ಕಳೆದುಕೊಂಡ ಟೆಂಗಿನಕಾಯಿ? 2023ರಲ್ಲಿ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ಅವರ ಎದುರಾಳಿಯಾಗಿದ್ದವರು ಜಗದೀಶ ಶೆಟ್ಟರ. ಆರು ಸಲ ಶಾಸಕರು, ಮಾಜಿ ಮುಖ್ಯಮಂತ್ರಿ, ಬಿಜೆಪಿ ಬಿಟ್ಟು ಅದೇ ತಾನೆ ಕಾಂಗ್ರೆಸ್ ಸೇರಿದ್ದವರು. ಪರಿಚಯವನ್ನೇ ಅಳೆದರೆ ಶೆಟ್ಟರ ಎಷ್ಟೋ ಮುಂದಿದ್ದರು. ಮತ ಎಣಿಸಿದಾಗ ಟೆಂಗಿನಕಾಯಿ 34 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದಿದ್ದರು.

ಈಗ ಸಮೀಕ್ಷೆ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಟ್ಯಾಬ್ ಹಿಡಿದ ಹುಡುಗನೊಬ್ಬ ಊರ ಕಟ್ಟೆಗೆ ಬಂದು ಕೇಳುತ್ತಾನೆ: ‘ಕಾಕಾ, ಈ ಸಲ ನಿಮ್ಮ ಓಟು ಯಾರಿಗ್ರಿ?’ ‘ಟಿಕೆಟ್ ಯಾರಿಗಂತ ಇನ್ನೂ ಆಗಿಲ್ಲಲ್ಲೋ ತಮ್ಮಾ. ಮೊದ್ಲ ಅದಾಗ್ಲಿ, ಆಮ್ಯಾಲ ನೋಡೂಣು.’ ‘ಹಂಗಲ್ರಿ ಕಾಕಾ, ಇವತ್ತ ಚುನಾವಣೆ ಆತು ಅಂದ್ರ?’ ‘ಇವತ್ತ ಎಲ್ಲೈತಿ ಚುನಾವಣೆ?’ ಹುಡುಗ ‘ಇನ್ನೂ ನಿರ್ಧರಿಸಿಲ್ಲ’ ಎಂಬ ಗುಂಡಿ ಒತ್ತಿ ಮುಂದಿನ ಮನೆಗೆ ಹೋಗುತ್ತಾನೆ. ಆ ಕಾಕಾನ ಉತ್ತರದಷ್ಟು ಸರಿಯಾದ ಉತ್ತರ ಅವತ್ತು ಇನ್ನೊಂದು ಇರಲಾರದು. ಆದರೆ ಟಿವಿಯಲ್ಲಿ ಬಣ್ಣದ ಚಿತ್ರ ಬರುವಾಗ ಇಂಥವರನ್ನು ಎಷ್ಟೋ ಸಲ ಲೆಕ್ಕದಿಂದ ಬಿಟ್ಟು, ಉಳಿದವರನ್ನೇ ನೂರಕ್ಕೆ ನೂರು ಮಾಡಿ ತೋರಿಸುತ್ತಾರೆ. ಬಿತ್ತನೆಗೂ ಮುಂಚೆ ಸೋಯಾ ಬೆಳೆ ಎಷ್ಟು ಆಣೆ ಬಂದೀತು ಎಂದು ಆಣೆವಾರಿ ಬರೆದ ಹಾಗೆ.

ಇನ್ನೊಂದು ತೊಡಕು ಮಾದರಿಯ ಗಾತ್ರದ್ದು. ಇಡೀ ರಾಜ್ಯದಲ್ಲಿ 22,400 ಜನರನ್ನು ಕೇಳಿದರು ಎಂದರೆ ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ನಮ್ಮಲ್ಲಿ 224 ಕ್ಷೇತ್ರಗಳಿವೆ, ಪಾಲು ಮಾಡಿದರೆ ಒಂದೊಂದಕ್ಕೆ 100 ಜನ. ನೂರು ಜನರ ಮಾತಿನಿಂದ ತೆಗೆದ ಅಂಕಿ ಶೇಕಡಾ 10ರಷ್ಟು ಆಚೀಚೆ ಆಗಬಹುದು ಎನ್ನುತ್ತದೆ ಸಂಖ್ಯಾಶಾಸ್ತ್ರ. ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿ 2018ರಲ್ಲಿ ಸಿ.ಎಸ್. ಶಿವಳ್ಳಿ ಗೆದ್ದದ್ದು 634 ಮತಗಳಿಂದ. ಚಲಾವಣೆಯಾದ ಮತಗಳಲ್ಲಿ ಅದು ಶೇಕಡಾ ಅರ್ಧವೂ ಅಲ್ಲ. ಇಂಥ ಅಂತರವನ್ನು ಹಿಂದಿನ ದಿನದ ಸಮೀಕ್ಷೆಯೂ ಹಿಡಿಯಲಾರದು.

ರಾಜ್ಯದ ಗಾಳಿ ಎತ್ತ ಬೀಸುತ್ತಿದೆ ಎಂಬುದೂ ಕ್ಷೇತ್ರಕ್ಕೆ ನೇರವಾಗಿ ಇಳಿಯುವುದಿಲ್ಲ. ಶಿವಳ್ಳಿಯವರ ನಿಧನದ ನಂತರ ಕುಂದಗೋಳದಲ್ಲಿ 2019ರ ಮೇ ತಿಂಗಳಲ್ಲಿ ಉಪಚುನಾವಣೆ ನಡೆಯಿತು. ಮೇ 23ರಂದು ಲೋಕಸಭೆಯ ಫಲಿತಾಂಶವೂ ಬಂತು. ರಾಜ್ಯದ 28 ಸ್ಥಾನಗಳಲ್ಲಿ ಬಿಜೆಪಿ 25 ಗೆದ್ದ ದಿನವೇ ಕುಂದಗೋಳದಲ್ಲಿ ಕಾಂಗ್ರೆಸ್ಸಿನ ಕುಸುಮಾವತಿ ಶಿವಳ್ಳಿ 1,601 ಮತಗಳಿಂದ ಗೆದ್ದರು. ಮತ ಪ್ರಮಾಣ ಗೊತ್ತಾದರೂ ಸ್ಥಾನ ಗೊತ್ತಾಗುವುದಿಲ್ಲ. 2018ರಲ್ಲೂ 2023ರಲ್ಲೂ ಬಿಜೆಪಿಗೆ ಬಂದದ್ದು ಸುಮಾರು ಶೇಕಡಾ 36 ಮತ. ಸ್ಥಾನಗಳು ಮಾತ್ರ 104ರಿಂದ 66ಕ್ಕೆ ಇಳಿದವು. ಅದರ ಮತ ಅಷ್ಟಾಗಿ ಕರಗಲಿಲ್ಲ. ಕಾಂಗ್ರೆಸ್ಸಿನ ಮತ ಶೇಕಡಾ 38ರಿಂದ 43ರ ಹತ್ತಿರಕ್ಕೆ ಏರಿತು.

ಹಾಗಾದರೆ ಸಮೀಕ್ಷೆ ಬಂದಾಗ ಕೇಳುಗರು ಏನು ಮಾಡಬೇಕು? ಮೊದಲು, ಪ್ರಶ್ನೆ ಕೇಳಿದ ದಿನ ಅಭ್ಯರ್ಥಿಗಳು ಗೊತ್ತಿದ್ದರೇ ಎಂದು ನೋಡಬೇಕು. ಆಮೇಲೆ, ಇನ್ನೂ ನಿರ್ಧರಿಸದವರು ಎಷ್ಟು ಮಂದಿ ಎಂದು ಹುಡುಕಬೇಕು. ಮುಂದಿರುವವರ ಅಂತರಕ್ಕಿಂತ ಅವರ ಸಂಖ್ಯೆ ದೊಡ್ಡದಾಗಿದ್ದರೆ ಚುನಾವಣೆ ಇನ್ನೂ ತೆರೆದೇ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿರುವ ಅಭ್ಯರ್ಥಿಯನ್ನು ಬಲ್ಲವರಲ್ಲಿ ಎಷ್ಟು ಜನ ಮೆಚ್ಚುತ್ತಾರೆ ಎಂಬ ಅಂಕಿ ಇದೆಯೇ ಎಂದು ಕೇಳಬೇಕು. ಕೇಳಿದ ಹತ್ತು ಜನರಲ್ಲಿ ಇಬ್ಬರಿಗಷ್ಟೇ ಗೊತ್ತಿದ್ದು, ಆ ಇಬ್ಬರೂ ಒಲಿದಿದ್ದರೆ ಆ ಅಭ್ಯರ್ಥಿಯನ್ನು ಕಡೆಗಣಿಸುವಂತಿಲ್ಲ. ಹತ್ತೂ ಜನರಿಗೆ ಗೊತ್ತಿದ್ದು ಇಬ್ಬರಷ್ಟೇ ಒಲಿದಿದ್ದರೆ ಹಾದಿ ಕಠಿಣ. ಎರಡೂ ಕಡೆ ಟಿವಿ ತೋರಿಸುವುದು ಶೇಕಡಾ 20 ಎಂಬ ಒಂದೇ ಅಂಕಿಯನ್ನು.

ಮುಂಚಿನ ಸಮೀಕ್ಷೆಯಿಂದ ಅಭ್ಯರ್ಥಿಗೆ ಉಪಯೋಗವಿದೆ. ಯಾವ ಊರಲ್ಲಿ ತನ್ನ ಹೆಸರು ಮುಟ್ಟಿಲ್ಲ, ಎಲ್ಲಿ ಮುಟ್ಟಿಯೂ ಬೇಸರವಿದೆ ಎಂಬುದು ತಿಳಿಯುತ್ತದೆ. ಮತದಾರರಿಗೆ ಅದರಿಂದ ಆಗಬೇಕಾದ್ದು ಹೆಚ್ಚಿಲ್ಲ. ಬಿ ಫಾರಂ ಯಾರ ಕೈ ಸೇರಿತು, ಸಿಗದವರು ಯಾವ ಕಡೆ ಹೋದರು ಎಂಬುದು ನಾಮಪತ್ರ ವಾಪಸಾತಿಯ ದಿನದವರೆಗೂ ಗೊತ್ತಾಗುವುದಿಲ್ಲ. ‘ಇವರು ಗೆಲ್ಲೂದಿಲ್ಲಂತ, ಮತ ಯಾಕ ಕೆಡಿಸಬೇಕು’ ಎಂದು ಅದಕ್ಕೂ ಮುಂಚೆಯೇ ಯಾರನ್ನೂ ಕೈಬಿಡುವ ಅಗತ್ಯವಿಲ್ಲ.