ಜೋಳಿಗೆಯ ಸೂಜಿಯಿಂದ ಟ್ಯಾಟೂ ಅಂಗಡಿಯ ಕಪಾಟಿನವರೆಗೆ



ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಬಸವೇಶ್ವರ ಜಾತ್ರೆ, ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಈ ಸೀಮೆಯ ಜಾತ್ರೆಗಳಲ್ಲಿ ಬೆಂಡು-ಬತ್ತಾಸು, ಬಳೆ, ಆಟಿಕೆ ಸಾಮಾನಿನ ಅಂಗಡಿಗಳ ನಡುವೆ ಹಚ್ಚೆ ಹಾಕುವವರೂ ಕೂಡುವುದು ಹಳೆಯ ರೂಢಿ. ಮೊದಲು ಜೋಳಿಗೆ ಹಿಡಿದ ಹೆಣ್ಣುಮಕ್ಕಳು ಬರುತ್ತಿದ್ದರು. ಆಮೇಲೆ ಬ್ಯಾಟರಿಗೆ ಜೋಡಿಸಿದ ಯಂತ್ರ, ಪಕ್ಕದಲ್ಲಿ ಚಿತ್ರಗಳ ಹಲಗೆ ಬಂದವು. ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಚಿತ್ರ ಆರಿಸಿಕೊಂಡು ಟ್ಯಾಟೂ ಅಂಗಡಿ ಹುಡುಕುತ್ತಾರೆ. ಚಿತ್ರ ಯಾವುದು, ಬಣ್ಣ ಯಾವುದು, ಎಷ್ಟು ದುಡ್ಡು ಎಂದು ಕೇಳುತ್ತಾರೆ. ಸೂಜಿ ಎಲ್ಲಿಂದ ಬಂತು ಎಂದು ಕೇಳುವವರು ಬಹಳ ಕಡಿಮೆ.

ಆ ಸೂಜಿಯ ಚರಿತ್ರೆಯನ್ನು ಹೇಳುವುದೇ ಈ ಮಾತಿನ ಉದ್ದೇಶ. ಅಂಗಡಿಯವರು ತಮ್ಮ ಕಪಾಟಿನಲ್ಲಿ ಏನೇನು ಇಟ್ಟಿರಬೇಕು, ಯಾಕೆ ಇಟ್ಟಿರಬೇಕು ಎಂಬುದಕ್ಕೆ ಉತ್ತರ ಆ ಚರಿತ್ರೆಯಲ್ಲೇ ಇದೆ.

ನಮ್ಮಲ್ಲಿ ಹಚ್ಚೆ ಹಾಕುವುದು ಬಹಳ ಕಾಲ ಹೆಣ್ಣುಮಕ್ಕಳ ಕಸುಬಾಗಿತ್ತು. ಕೊರವ ಸಮುದಾಯದ ಹೆಂಗಸರು ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದರು. ತೊಗಲು ಗೊಂಬೆ ಆಡಿಸುವ ಕಿಳ್ಳೇಕ್ಯಾತರಲ್ಲೂ ಗಂಡಸರು ಗೊಂಬೆ ಆಡಿಸಿದರೆ ಹೆಂಗಸರು ಹಚ್ಚೆ ಹಾಕುತ್ತಿದ್ದರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಈ ಎರಡೂ ಸಮುದಾಯಗಳ ಈ ಕಸುಬಿನ ಪ್ರಸ್ತಾಪವಿದೆ. ಎರಡು ಮೂರು ಸೂಜಿಗಳನ್ನು ದಾರದಿಂದ ಬಿಗಿದು, ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ ಚುಚ್ಚುವುದು ಅವರ ಕ್ರಮ. ಕೆಲಸ ಮುಗಿದ ಮೇಲೆ ಗಾಯಕ್ಕೆ ಎಣ್ಣೆ, ಅರಿಶಿನ ಹಚ್ಚುತ್ತಿದ್ದರು. ಕೂಲಿಗೆ ಕಾಳುಕಡಿ, ಹಳೆಯ ಬಟ್ಟೆ. ತುಳಸಿಕಟ್ಟೆ, ಚೇಳು, ಸೀತೆಯ ಸೆರಗು ಮೂಡಿದ ಮುಂಗೈಗಳನ್ನು, ಹಣೆ ಮತ್ತು ಗದ್ದದ ಮೇಲಿನ ಹಸಿರು ಬೊಟ್ಟುಗಳನ್ನು ಈ ನಾಲ್ಕೂ ತಾಲ್ಲೂಕುಗಳ ಹಿರಿಯ ಹೆಣ್ಣುಮಕ್ಕಳ ಮೈಮೇಲೆ ಇವತ್ತಿಗೂ ಕಾಣಬಹುದು. ಲಂಬಾಣಿ ತಾಂಡಾಗಳ ಅಜ್ಜಿಯರ ಕೈಗಳಲ್ಲಂತೂ ಅದು ಒಡವೆಯಷ್ಟೇ ಮುಖ್ಯ.

ಆ ಹೆಣ್ಣುಮಕ್ಕಳ ಕೈಯಲ್ಲಿ ಕಲೆ ಇತ್ತು, ಅರಿಶಿನದ ತಿಳಿವಳಿಕೆ ಇತ್ತು. ಆದರೆ ಒಬ್ಬರಿಗೆ ಚುಚ್ಚಿದ ಸೂಜಿಯೇ ಇನ್ನೊಬ್ಬರಿಗೂ ಬರುತ್ತಿತ್ತು. ರಕ್ತದಲ್ಲಿ ಕಣ್ಣಿಗೆ ಕಾಣದ ಜೀವಿ ಇರುತ್ತದೆಂದು ಬಹಳ ಕಾಲ ಜಗತ್ತಿನ ದೊಡ್ಡ ಆಸ್ಪತ್ರೆಗಳಿಗೂ ಗೊತ್ತಿರಲಿಲ್ಲ. ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯ ಕೀವಾಗದಂತೆ ತಡೆಯಬಹುದು ಎಂದು ಬರೆದದ್ದು 1867ರಲ್ಲಿ. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರರ ಜೊತೆಗಾರ ಚಾರ್ಲ್ಸ್ ಶಾಂಬರ್ಲಾಂಡ್ ಆಟೊಕ್ಲೇವ್ ರೂಪಿಸಿದ್ದು 1879ರಲ್ಲಿ.

ಆಟೊಕ್ಲೇವಿನ ತತ್ವ ನಮ್ಮ ಅಡುಗೆಮನೆಯ ಕುಕ್ಕರಿನದೇ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ವಿಜಯಪುರ ಸೀಮೆಯಲ್ಲಿ ಅದಕ್ಕಿಂತ ಎರಡು ಡಿಗ್ರಿ ಮೊದಲೇ. ಎಷ್ಟು ಹೊತ್ತು ಕುದಿಸಿದರೂ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಆ ಬಿಸಿಗೆ ಸಾಯುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಹಬೆಯ ಒತ್ತಡವನ್ನು ಚದರ ಇಂಚಿಗೆ 15 ಪೌಂಡಿನಷ್ಟು ಏರಿಸಿದರೆ ಉಷ್ಣತೆ 121 ಡಿಗ್ರಿ ಮುಟ್ಟುತ್ತದೆ. ಆ ಬಿಸಿಯನ್ನು 15ರಿಂದ 20 ನಿಮಿಷ ಹಿಡಿದರೆ ಬೀಜಕಣವೂ ಉಳಿಯುವುದಿಲ್ಲ. ತೊಳೆಯುವುದು ಬೇರೆ, ಕುದಿಸುವುದು ಬೇರೆ, ಕ್ರಿಮಿಶುದ್ಧಿ ಮಾಡುವುದು ಬೇರೆ ಎಂಬ ವ್ಯತ್ಯಾಸ ಅಲ್ಲಿಂದ ಸ್ಪಷ್ಟವಾಯಿತು.

ಇದೇ ಹೊತ್ತಿಗೆ ಸೂಜಿಗೆ ವೇಗ ಬಂತು. ಅಮೆರಿಕದ ಥಾಮಸ್ ಎಡಿಸನ್ 1876ರಲ್ಲಿ ವಿದ್ಯುತ್ ಲೇಖನಿಗೆ ಪೇಟೆಂಟ್ ಪಡೆದಿದ್ದರು. ಕಾಗದದಲ್ಲಿ ಸಣ್ಣ ತೂತುಗಳನ್ನು ಕೊರೆದು ಪತ್ರಗಳ ನಕಲು ತೆಗೆಯುವ ಉಪಕರಣ ಅದು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಅದೇ ಜಾಡಿನಲ್ಲಿ ಹೋಗಿ 1891ರಲ್ಲಿ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಕೈಯಿಂದ ಒಂದೊಂದೇ ಚುಕ್ಕಿ ಇಡುತ್ತಿದ್ದ ಕಡೆ ಯಂತ್ರ ಸೆಕೆಂಡಿಗೆ ಹತ್ತಾರು ಬಾರಿ ಚುಚ್ಚತೊಡಗಿತು. ಒಂದೇ ದಿನದಲ್ಲಿ ಹೆಚ್ಚು ಗಿರಾಕಿಗಳು, ಒಂದೇ ಸೂಜಿಗೆ ಹೆಚ್ಚು ಜನರ ರಕ್ತ.

ಇದರ ಬೆಲೆ ತಿಳಿಯಲು 20ನೇ ಶತಮಾನ ಅರ್ಧ ದಾಟಬೇಕಾಯಿತು. ಕಾಮಾಲೆಯ ಭಯದಿಂದ ನ್ಯೂಯಾರ್ಕ್ ನಗರ 1961ರಲ್ಲಿ ಹಚ್ಚೆ ಅಂಗಡಿಗಳನ್ನೇ ನಿಷೇಧಿಸಿತು. ಆ ನಿಷೇಧ ತೆರವಾದದ್ದು 1997ರಲ್ಲಿ. ನಡುವಿನ ವರ್ಷಗಳಲ್ಲಿ ರೋಗಾಣುಗಳು ಒಂದೊಂದಾಗಿ ಬೆಳಕಿಗೆ ಬಂದವು. ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಹಿಡಿದ ಬರೂಕ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಎಚ್‌ಐವಿ ಪತ್ತೆಯಾದದ್ದು 1983ರಲ್ಲಿ, ಹೆಪಟೈಟಿಸ್ ಸಿ 1989ರಲ್ಲಿ. ಇವುಗಳಲ್ಲಿ ಹಚ್ಚೆಯವರು ಹೆಚ್ಚು ಹೆದರಬೇಕಾದದ್ದು ಹೆಪಟೈಟಿಸ್ ಬಿಗೆ. ಒಣಗಿದ ರಕ್ತದ ಕಲೆಯಲ್ಲೂ ಅದು ಏಳು ದಿನ ಜೀವ ಹಿಡಿದಿರಬಲ್ಲದು. ಒರೆಸಿದಂತೆ ಕಂಡ ಮೇಜು, ವೈರು, ಕುರ್ಚಿಯ ತೋಳು ಯಾವುದನ್ನೂ ನಂಬುವಂತಿಲ್ಲ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ. ಮುಂದೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಹೆಚ್ಚು ಸೋಂಕಿನ ಜಿಲ್ಲೆಗಳ ಪಟ್ಟಿ ಸೇರಿದವು. ಇಲ್ಲಿ ಸೋಂಕು ಮುಖ್ಯವಾಗಿ ಹರಡಿದ್ದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ. ಹಚ್ಚೆಯವರ ತಲೆಗೆ ಅದನ್ನು ಕಟ್ಟುವುದು ತಪ್ಪು. ಆದರೆ ಹಲವರಿಗೆ ಒಂದೇ ಸೂಜಿ ಬಳಸಬಾರದು ಎಂಬ ಮಾತು ಹಳ್ಳಿಹಳ್ಳಿಗೂ ಮುಟ್ಟಿದ್ದು ಆ ದಿನಗಳಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಗಾಜಿನ ಸಿರಿಂಜು, ಅದನ್ನು ಕುದಿಸುವ ಸ್ಟೀಲ್ ಡಬ್ಬಿ ಹಿರಿಯರಿಗೆ ನೆನಪಿರುತ್ತದೆ. ಈಗ ಮಕ್ಕಳ ಲಸಿಕೆಗೆ ಬಳಸುವ ಸಿರಿಂಜು ಒಮ್ಮೆ ಒತ್ತಿದರೆ ತಾನೇ ಲಾಕ್ ಆಗುತ್ತದೆ, ಇನ್ನೊಮ್ಮೆ ತುಂಬಲು ಬರುವುದಿಲ್ಲ. ಲಸಿಕೆಯ ಸೂಜಿಗೆ ಬಂದ ಆ ಶಿಸ್ತು ಹಚ್ಚೆಯ ಸೂಜಿಗೂ ಬರಬೇಕು.

ಇನ್ನು ಅಂಗಡಿಯ ಕಪಾಟನ್ನೇ ತೆರೆದು ನೋಡೋಣ.

ಮೊದಲ ಸಾಲಿನಲ್ಲಿ ಸೂಜಿಯ ಕಾರ್ಟ್ರಿಜ್‌ಗಳು. ಹೆಬ್ಬೆರಳಿನಷ್ಟು ಅಗಲದ ಒಂದೊಂದು ಪೊಟ್ಟಣ, ಒಂದು ಬದಿ ಪಾರದರ್ಶಕ ಪ್ಲಾಸ್ಟಿಕ್, ಇನ್ನೊಂದು ಬದಿ ಕಾಗದ. ಕಾಗದದ ಮೇಲೆ ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು-ವರ್ಷ, ಎಥಿಲೀನ್ ಆಕ್ಸೈಡ್ ಅನಿಲದಿಂದ ಶುದ್ಧಿ ಮಾಡಿದ್ದೆಂಬ ಗುರುತು ಇರುತ್ತವೆ. ಜೊತೆಗೆ ವೃತ್ತದೊಳಗೆ ಎರಡು ಎಂಬ ಅಂಕಿ ಬರೆದು ಅಡ್ಡಗೀಟು ಹಾಕಿದ ಚಿಹ್ನೆ. ಎರಡನೇ ಸಲ ಬಳಸಬೇಡಿ ಎಂದು ಅದರ ಅರ್ಥ. ಓದು ಬಾರದವರಿಗೂ ತಿಳಿಯುವಂಥ ಚಿತ್ರ. ಪೊಟ್ಟಣ ಒದ್ದೆಯಾಗಿದ್ದರೆ, ಹರಿದಿದ್ದರೆ, ಅವಧಿ ಮುಗಿದಿದ್ದರೆ ಒಳಗಿನ ಸೂಜಿ ಎಷ್ಟೇ ಹೊಸದಾಗಿ ಹೊಳೆದರೂ ಕಸಕ್ಕೇ ಹೋಗಬೇಕು.

ಎರಡನೇ ಸಾಲಿನಲ್ಲಿ ನೈಟ್ರೈಲ್ ಕೈಗವಸು, ಒಮ್ಮೆ ಬಳಸಿ ಎಸೆಯುವ ರೇಜರು, ಬಣ್ಣದ ಪುಟ್ಟ ಕಪ್ಪುಗಳು, ಯಂತ್ರ ಮತ್ತು ವೈರಿಗೆ ಸುತ್ತುವ ಪ್ಲಾಸ್ಟಿಕ್ ಹೊದಿಕೆ, ಮಾಸ್ಕು, ಟಿಶ್ಯೂ. ಮೂರನೆಯದರಲ್ಲಿ ಚರ್ಮ ಒರೆಸುವ ಶೇಕಡಾ 70ರ ಆಲ್ಕೊಹಾಲು, ಮೇಜು ಮತ್ತು ನೆಲಕ್ಕೆ ಹೈಪೊಕ್ಲೋರೈಟ್ ದ್ರಾವಣ, ಕೈತೊಳೆಯುವ ಸೋಪು. ವ್ಯಾಸಲಿನ್ ಡಬ್ಬಿಗೆ ಬೆರಳು ಹಾಕಬಾರದು. ಒಬ್ಬೊಬ್ಬರಿಗೂ ಬೇಕಾದಷ್ಟನ್ನು ಹೊಸ ಕಡ್ಡಿಯಿಂದ ಮೊದಲೇ ತೆಗೆದಿಡಬೇಕು. ಕಪ್ಪಿನಲ್ಲಿ ಉಳಿದ ಬಣ್ಣ ಮತ್ತೆ ಬಾಟಲಿಗೆ ಹೋಗಬಾರದು.

ಲೆಕ್ಕ ಹಾಕಿದರೆ ಎಷ್ಟು ಬೇಕು? ದಿನಕ್ಕೆ ನಾಲ್ವರು ಗಿರಾಕಿಗಳೆಂದರೆ ತಿಂಗಳಿಗೆ 120 ಜನ. ತಲೆಗೆ ಎರಡೇ ಕಾರ್ಟ್ರಿಜ್ ಎಂದರೂ 240. ತಯಾರಿಗೆ ಒಂದು ಜೊತೆ, ಚುಚ್ಚುವಾಗ ಒಂದು, ಸ್ವಚ್ಛ ಮಾಡುವಾಗ ಒಂದು ಎಂದು ತಲೆಗೆ ಮೂರು ಜೊತೆ ಕೈಗವಸು ಹಿಡಿದರೆ 720 ಗವಸು, ಅಂದರೆ ನೂರರ ಎಂಟು ಡಬ್ಬಿ. ವಿಜಯಪುರ, ಸೊಲ್ಲಾಪುರ, ಹುಬ್ಬಳ್ಳಿಯಿಂದ ಅಥವಾ ಆನ್‌ಲೈನಿನಲ್ಲಿ ಸಾಮಾನು ತರಿಸುವ ತಾಲ್ಲೂಕು ಊರಿನ ಅಂಗಡಿಗೆ ಇನ್ನೂ ಹದಿನೈದು ದಿನದ ಹೆಚ್ಚುವರಿ ದಾಸ್ತಾನು ಅವಶ್ಯ. ಸರಕು ಬರುವುದು ತಡವಾದ ದಿನವೇ ಹಳೆಯ ಸೂಜಿಯ ಕಡೆಗೆ ಕೈ ಹೋಗುವ ಅಪಾಯ ಇರುವುದು. ಮೊದಲು ಬಂದ ಪೊಟ್ಟಣ ಮೊದಲು ಖರ್ಚಾಗಲಿ, ಅವಧಿಯ ದಿನಾಂಕ ಒಂದು ವಹಿಯಲ್ಲಿರಲಿ. ಈ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಧೂಳು ಎಲ್ಲೆಲ್ಲೂ ನುಗ್ಗುತ್ತದೆ. ತಗಡಿನ ಮಾಡಿನ ಕೆಳಗೆ ಗವಸು, ಬಣ್ಣ ಇಟ್ಟರೆ ಕೆಡುತ್ತವೆ. ಬಿಗಿಯಾಗಿ ಮುಚ್ಚುವ, ನೆರಳಿನ ಕಪಾಟು ಬೇಕು.

ಯಂತ್ರದ ಹಿಡಿಕೆಯಾದ ಸ್ಟೀಲಿನ ಗ್ರಿಪ್ ಮರುಬಳಕೆ ಮಾಡುವ ಅಂಗಡಿಗೆ ಆಟೊಕ್ಲೇವ್ ಬೇಕೇ ಬೇಕು. ನೀಲಿ ಬೆಳಕಿನ ಯುವಿ ಪೆಟ್ಟಿಗೆ ಅದರ ಬದಲಿಯಲ್ಲ. ಬೆಳಕು ಬಿದ್ದ ಮೇಲ್ಮೈಯಷ್ಟಕ್ಕೇ ಅದರ ಪರಿಣಾಮ, ಗ್ರಿಪ್ಪಿನ ಕೊಳವೆಯೊಳಗೆ ಅದು ಹೋಗುವುದಿಲ್ಲ. ಆಟೊಕ್ಲೇವಿಗೆ ಹಾಕುವ ಮೊದಲು ಉಪಕರಣವನ್ನು ಉಜ್ಜಿ ತೊಳೆಯಬೇಕು, ರಕ್ತ ಅಂಟಿದ್ದರೆ ಹಬೆ ಒಳಗೆ ಮುಟ್ಟದು. ಡೋಣಿ ನದಿ ಸೀಮೆಯ ಸವಳು ನೀರನ್ನಾಗಲಿ ಬೋರ್‌ವೆಲ್ ನೀರನ್ನಾಗಲಿ ಯಂತ್ರಕ್ಕೆ ಹಾಕಿದರೆ ಒಳಗೆ ಬಿಳಿ ಪದರ ಕಟ್ಟುತ್ತದೆ; ಡಿಸ್ಟಿಲ್ಡ್ ವಾಟರ್ ಕ್ಯಾನು ದಾಸ್ತಾನಿನಲ್ಲಿ ಇರಲೇಬೇಕು. ನಡುವೆ ಕರೆಂಟ್ ಹೋದರೆ ಉಳಿದ ನಿಮಿಷ ಸೇರಿಸಿದರೆ ಸಾಲದು, ಮೊದಲಿನಿಂದ ಮತ್ತೆ ನಡೆಸಬೇಕು. ಪೊಟ್ಟಣಕ್ಕೆ ಅಂಟಿಸುವ ಸೂಚಕ ಟೇಪಿನ ಗೆರೆಗಳು ಬಿಸಿಗೆ ಕಪ್ಪಾಗುತ್ತವೆ. ಅದು ಬಿಸಿ ತಗುಲಿದ್ದನ್ನು ಹೇಳುತ್ತದೆಯೇ ಹೊರತು ಸೂಕ್ಷ್ಮಜೀವಿ ಸತ್ತದ್ದನ್ನಲ್ಲ. ಅದಕ್ಕಾಗಿ ಬಿಸಿಗೆ ಸುಲಭವಾಗಿ ಬಗ್ಗದ ಬೀಜಕಣಗಳನ್ನಿಟ್ಟು ನಡೆಸುವ ಪರೀಕ್ಷೆಯೇ ಬೇರೆ ಇದೆ. ಇಷ್ಟೆಲ್ಲ ಸಾಧ್ಯವಾಗದ ಸಣ್ಣ ಅಂಗಡಿಗೆ ಎಲ್ಲವನ್ನೂ ಒಮ್ಮೆ ಬಳಸಿ ಎಸೆಯುವ ಸಾಮಾನಿನಲ್ಲೇ ನಡೆಸುವುದು ಹೆಚ್ಚು ಸುರಕ್ಷಿತ.

ಬಣ್ಣದ ವಿಷಯವೂ ಅಷ್ಟೇ ಗಂಭೀರ. 2011ರ ಕೊನೆಗೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ 19 ಜನರ ಹಚ್ಚೆ ಕೆಂಪಾಗಿ ಗುಳ್ಳೆ ಎದ್ದವು. ಕಾರಣ, ಮೊದಲೇ ನೀರು ಬೆರೆಸಿ ಮಾರಿದ್ದ ಬೂದು ಬಣ್ಣದಲ್ಲಿದ್ದ ಬ್ಯಾಕ್ಟೀರಿಯಾ. ಸೂಜಿ ಶುದ್ಧವಿದ್ದರೂ ಬಣ್ಣ ಕೆಟ್ಟಿದ್ದರೆ ಸೋಂಕು ತಪ್ಪದು ಎಂಬುದಕ್ಕೆ ಇದು ಪಾಠ. ಬಣ್ಣ ತಿಳಿ ಮಾಡಲು ನಲ್ಲಿ ನೀರನ್ನು ಎಂದೂ ಬಳಸಬಾರದು. ಬಣ್ಣದೊಳಗಿನ ರಾಸಾಯನಿಕಗಳ ಮೇಲೆ ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಕಟ್ಟುನಿಟ್ಟಿನ ಮಿತಿ ಹೇರಿದೆ. ಕರ್ನಾಟಕದಲ್ಲಿ 2025ರಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಟ್ಯಾಟೂ ಬಣ್ಣದ ಮಾದರಿಗಳಲ್ಲಿ 22 ಲೋಹಗಳು ಕಂಡುಬಂದಿವೆ ಎಂದು ಹೇಳಿ, ಇದಕ್ಕೆ ಮಾನದಂಡ ಬೇಕೆಂಬ ವಿಷಯವನ್ನು ಕೇಂದ್ರದ ಮುಂದಿಡುವುದಾಗಿ ತಿಳಿಸಿದರು. ಹಚ್ಚೆ ಅಂಗಡಿಗಳಿಗೆಂದೇ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲದಿರುವಾಗ ಅಂಗಡಿಯವರ ಆತ್ಮಸಾಕ್ಷಿಯ ಮೇಲೆಯೇ ಹೆಚ್ಚು ಭಾರ ಬೀಳುತ್ತದೆ.

ಬಳಸಿದ ಸೂಜಿ ಎಲ್ಲಿಗೆ ಹೋಗಬೇಕು? 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಸೂಜಿ, ಬ್ಲೇಡುಗಳಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಯನ್ನು ಹೇಳಿದ್ದಾರೆ. ಹಚ್ಚೆ ಅಂಗಡಿಯ ಸೂಜಿಯೂ ರಕ್ತ ತಾಗಿದ ಸೂಜಿಯೇ. ಅದು ಪ್ಲಾಸ್ಟಿಕ್ ಚೀಲ ಸೇರಿದರೆ ಬೆಳಿಗ್ಗೆ ಚುಚ್ಚಿಸಿಕೊಳ್ಳುವವರು ಪುರಸಭೆಯ ಪೌರಕಾರ್ಮಿಕರು. ಆ ಡಬ್ಬಿ ಇಟ್ಟುಕೊಂಡು, ತುಂಬಿದಾಗ ತ್ಯಾಜ್ಯ ಸಾಗಣೆಯ ವ್ಯವಸ್ಥೆ ಇರುವ ಹತ್ತಿರದ ಆಸ್ಪತ್ರೆಯೊಂದಿಗೆ ಮಾತಾಡಿಕೊಂಡು ಕಳಿಸುವುದು ಅಂಗಡಿಯವರ ಹೊಣೆ. ಹಚ್ಚೆ ಹಾಕುವವರು ತಾವೂ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನು ಪೂರೈಸಿಕೊಂಡಿರಬೇಕು. ಹೊಸದಾಗಿ ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ ಎಂಬುದನ್ನು ಗಿರಾಕಿಗೆ ಮೊದಲೇ ತಿಳಿಸಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಯುವಕ ಯುವತಿಯರೇ, ಹಚ್ಚೆ ಹಾಕಿಸಿಕೊಳ್ಳಿ, ಅದು ನಮ್ಮ ಹಿರಿಯರ ಒಡವೆ. ಆದರೆ ಕುರ್ಚಿಯಲ್ಲಿ ಕೂಡುವ ಮೊದಲು ಮೂರು ಮಾತು ಕೇಳಿ. ಸೂಜಿಯ ಪೊಟ್ಟಣವನ್ನು ನನ್ನೆದುರೇ ಒಡೆಯಿರಿ. ಕೈ ತೊಳೆದು ಹೊಸ ಗವಸು ಹಾಕಿಕೊಳ್ಳಿ. ಬಣ್ಣವನ್ನು ಹೊಸ ಕಪ್ಪಿಗೆ ಸುರಿಯಿರಿ. ಈ ಮೂರಕ್ಕೂ ಒಪ್ಪದ ಅಂಗಡಿಯಿಂದ, ಅದು ಜಾತ್ರೆಯ ಬಯಲಲ್ಲಿರಲಿ ಪೇಟೆಯ ನಡುವಿರಲಿ, ಎದ್ದು ಬನ್ನಿ.