ನೋಡಿದ್ದನ್ನು ಬರೆದಿಡೋಣ



ಆಕಾಶ ವೀಕ್ಷಕರ ಈ ಸಮ್ಮೇಳನವನ್ನು ತಂಬೂರಿನ ಬದಲು ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಮಾಡಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ನಮ್ಮ ಕೆಲಸಕ್ಕೆ ಸಭಾಭವನಕ್ಕಿಂತ ಕತ್ತಲು ಮುಖ್ಯ, ಅದು ಇಲ್ಲಿದೆ. ಇನ್ನೊಂದು ಕಾರಣ ನೀವೇ. ಗೋವಿನಜೋಳದ ಹೊಲದಲ್ಲಿ ಹಂದಿ ಬಾರದಂತೆ ಕಾಯುವವರು, ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗಾಗಿ ಕಾದು ಪಂಪ್‌ಸೆಟ್ ಚಾಲೂ ಮಾಡುವವರು ಈ ಸಭೆಯಲ್ಲಿ ಎಷ್ಟೋ ಮಂದಿ ಇದ್ದೀರಿ. ನಟ್ಟಿರುಳಲ್ಲಿ ಬಯಲಿನಲ್ಲಿ ಎಚ್ಚರಿರುವುದು ಖಗೋಳ ವಿಜ್ಞಾನಿಗೆ ಉದ್ಯೋಗ, ನಿಮಗೆ ಬದುಕು. ಕಾಂತಿ ಬದಲಿಸುವ ನಕ್ಷತ್ರಗಳ, ಅಂದರೆ ಚರ ನಕ್ಷತ್ರಗಳ ವಿಷಯವನ್ನು ಇಂದು ಆರಿಸಿಕೊಂಡದ್ದು ಅದಕ್ಕೇ. ಇದಕ್ಕೆ ದೂರದರ್ಶಕವಿಲ್ಲದೆಯೂ ಕೈಹಾಕಬಹುದು.

ಆರಿದ್ರಾ ಮಳೆ ಗೊತ್ತಿಲ್ಲದ ರೈತ ಈ ಭಾಗದಲ್ಲಿಲ್ಲ. ಜೂನ್ ಕೊನೆಯ ವಾರ ಸೂರ್ಯ ಆರ್ದ್ರಾ ನಕ್ಷತ್ರದ ಬಳಿ ಇರುತ್ತಾನೆ, ಅದಕ್ಕೇ ಮಳೆಗೆ ಆ ಹೆಸರು. ಮಳೆ ಹೊಡೆಯುವ ಕಾಲಕ್ಕೆ ಚುಕ್ಕಿ ಸೂರ್ಯನ ಬೆಳಕಿನಲ್ಲಿ ಮರೆಯಾಗಿರುತ್ತದೆ. ಅದನ್ನು ನೋಡಬೇಕಾದರೆ ಶೀಗಿ ಹುಣ್ಣಿಮೆ ದಾಟಿ ಚಳಿ ಬೀಳಬೇಕು. ಆಗ ಪೂರ್ವದಲ್ಲಿ ಕೆಂಪಗೆ ಮೇಲೇರುವ ಆ ಆರ್ದ್ರಾ ನಕ್ಷತ್ರವೇ ಜಗತ್ತು ಬೀಟಲ್‌ಜ್ಯೂಸ್ ಎಂದು ಕರೆಯುವ ದೈತ್ಯ.

2019ರ ಕೊನೆಗೆ ಅದು ಮಂಕಾಗತೊಡಗಿತು. ಸಾಮಾನ್ಯವಾಗಿ ಅದರ ಕಾಂತಿಮಾನ 0.5ರ ಆಸುಪಾಸು, ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ ಎಂಬುದು ಇಲ್ಲಿಯ ಲೆಕ್ಕ. 2020ರ ಫೆಬ್ರುವರಿಯಲ್ಲಿ ಅದು 1.6ಕ್ಕೆ ಇಳಿಯಿತು. ಅಂದರೆ ಎಂದಿನ ಬೆಳಕಿನ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಉಳಿದಿತ್ತು. ನಕ್ಷತ್ರ ತನ್ನ ಮೇಲ್ಮೈಯಿಂದ ಅನಿಲದ ದೊಡ್ಡ ರಾಶಿಯನ್ನು ಉಗುಳಿತ್ತು, ಅದು ತಣಿದು ದೂಳಾಗಿ ನಮ್ಮ ಕಡೆಯ ಬೆಳಕಿಗೆ ಅಡ್ಡ ಬಂತು ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ಕಾರಣ ತಿಳಿಯಲು ದೊಡ್ಡ ದೂರದರ್ಶಕಗಳು ಬೇಕಾದವು ನಿಜ. ಮಂಕಾದದ್ದನ್ನು ಕಾಣಲು ಮಾತ್ರ ಬರಿಗಣ್ಣು ಸಾಕಿತ್ತು.

ಹೇಗೆ ಅಳೆಯುವುದು? ಮಕ್ಕಳೇ, ಗಮನವಿಟ್ಟು ಕೇಳಿ. ರೋಹಿಣಿ ನಕ್ಷತ್ರದ ಕಾಂತಿಮಾನ ಸುಮಾರು 0.9. ಆರ್ದ್ರೆಯ ಪಕ್ಕದಲ್ಲೇ, ಬೇಟೆಗಾರ ನಕ್ಷತ್ರಪುಂಜದ ಇನ್ನೊಂದು ಭುಜದಲ್ಲಿರುವ ಬೆಲಾಟ್ರಿಕ್ಸ್‌ನದು ಸುಮಾರು 1.6. ಆರ್ದ್ರೆ ಇವೆರಡರ ನಡುವೆ ಎಲ್ಲಿದೆ ಎಂದು ಕಣ್ಣಿಂದ ತೂಗಬೇಕು. ಸರಿಯಾಗಿ ನಡುವೆ ಎನಿಸಿದರೆ 1.2 ಅಥವಾ 1.3, ರೋಹಿಣಿಗೆ ಸಮ ಎನಿಸಿದರೆ 0.9. ರೋಹಿಣಿಗಿಂತ ಹೆಚ್ಚು ಬೆಳಗುತ್ತಿದ್ದರೆ 0.4ರ ಪ್ರೋಸಿಯಾನ್ ನಕ್ಷತ್ರದ ಜೊತೆ ಹೋಲಿಸಬೇಕು. ಕೆಂಪು ಚುಕ್ಕಿಯನ್ನು ದಿಟ್ಟಿಸಿದಷ್ಟೂ ಅದು ಇದ್ದದ್ದಕ್ಕಿಂತ ಹೆಚ್ಚು ಹೊಳೆದಂತೆ ಕಾಣುತ್ತದೆ, ಆದ್ದರಿಂದ ಒಂದೊಂದು ಗಳಿಗೆ ನೋಡಿ ಕಣ್ಣು ಹೊರಳಿಸಿ. ಹೋಲಿಸುವ ಚುಕ್ಕಿಗಳು ಆಕಾಶದಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಲಿ. ಗೆಳೆಯ ಏನು ಬರೆದ ಎಂದು ಇಣುಕುವ ಮೊದಲು ನಿಮ್ಮ ಅಂಕಿ ವಹಿಯಲ್ಲಿ ಬಿದ್ದಿರಲಿ. ನಿನ್ನೆಯ ಅಂಕಿಯನ್ನು ನೆನೆದು ಇಂದಿನದನ್ನು ಬರೆಯಬೇಡಿ.

ಬರೆದಿಡುವ ಈ ಶಿಸ್ತಿನಲ್ಲಿ ನಾನು ಗುರುವೆಂದು ನೆನೆಯುವುದು ಬಂಗಾಳದ ರಾಧಾಗೋಬಿಂದ ಚಂದ್ರರನ್ನು. ಶಾಲೆಯ ಅಂತಿಮ ಪರೀಕ್ಷೆ ಅವರಿಗೆ ಒಲಿಯಲಿಲ್ಲ. ಜೆಸೋರ್‌ನ ಸರ್ಕಾರಿ ಖಜಾನೆಯಲ್ಲಿ ಸಣ್ಣ ನೌಕರಿ. ಹಗಲು ಖಜಾನೆ, ರಾತ್ರಿ ಮೂರು ಇಂಚಿನ ದೂರದರ್ಶಕ. 1911ರಲ್ಲಿ ಹುಟ್ಟಿದ ಅಮೆರಿಕದ ಚರ ನಕ್ಷತ್ರ ವೀಕ್ಷಕರ ಸಂಘಕ್ಕೆ ಅವರು 1919ರಿಂದ 1954ರವರೆಗೆ ಕಳಿಸಿದ ಕಾಂತಿಯ ಅಂದಾಜುಗಳು 37,215. ಅವರ ನಿಷ್ಠೆಗೆ ಮೆಚ್ಚಿ ಆ ಸಂಘ 1926ರಲ್ಲಿ ಆರು ಇಂಚಿನ ದೂರದರ್ಶಕವನ್ನು ಹಡಗಿನಲ್ಲಿ ಕಳಿಸಿಕೊಟ್ಟಿತು. ಅವರ ಕಣ್ಣು ಸೋತ ಮೇಲೆ ಆ ಉಪಕರಣ ಖಗೋಳ ವಿಜ್ಞಾನಿ ವೇಣು ಬಾಪು ಅವರ ಕೈಸೇರಿ, ಮುಂದೆ ಕಾವಲೂರಿನ ವೀಕ್ಷಣಾಲಯಕ್ಕೆ ಬಂತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ಬಾಪು ಕೂಡ ಹೈದರಾಬಾದಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಚರ ನಕ್ಷತ್ರಗಳನ್ನೇ ನೋಡುತ್ತ ಬೆಳೆದವರು.

ಇನ್ನೂ ಹಿಂದಿನವರು ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ. 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ಚರ ನಕ್ಷತ್ರವನ್ನು ಗುರುತಿಸಿದರು. 1874ರ ಶುಕ್ರ ಸಂಕ್ರಮಣದ, ಅಂದರೆ ಶುಕ್ರ ಸೂರ್ಯಬಿಂಬದ ಮುಂದೆ ಹಾದುಹೋಗುವುದರ ಬಗ್ಗೆ ಅವರು ಹೊರತಂದ ಪುಸ್ತಿಕೆ ಕನ್ನಡದಲ್ಲೂ ಅಚ್ಚಾಯಿತು. ಜನರ ನುಡಿಯಲ್ಲಿ ಹೇಳದಿದ್ದರೆ ಆಕಾಶ ಜನರದಾಗದು ಎಂಬ ಅರಿವು ಆ ಕಾಲಕ್ಕೇ ಅವರಿಗಿತ್ತು. ಬರೆದಿಡುವ ರೂಢಿ ಅವರಿಗಿಂತಲೂ ಹಳೆಯದು. ನಮ್ಮ ನಾಡಿನ ಶಾಸನಗಳಲ್ಲಿ ಎಷ್ಟೋ ದಾನಗಳು ಗ್ರಹಣದ ದಿನ ಕೊಟ್ಟವು. ತಿಥಿ ವಾರಗಳೊಂದಿಗೆ ಕಲ್ಲಿನಲ್ಲಿ ಬರೆದದ್ದರಿಂದಲೇ ಇಂದಿನ ವಿಜ್ಞಾನಿ ಆ ಗ್ರಹಣಗಳನ್ನು ಲೆಕ್ಕಕ್ಕೆ ಹಚ್ಚಬಲ್ಲ. ಈ ನಾಡಿನಲ್ಲಿ ಆಕಾಶ ನೋಡಿದವರಿಗೆ ಎಂದೂ ಕೊರತೆಯಿರಲಿಲ್ಲ. ದಾಖಲೆಯಿಲ್ಲದೆ ಹೋದ ನೋಟಗಳನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆದ್ದರಿಂದ ಈ ಸಮ್ಮೇಳನದ ಅಧ್ಯಕ್ಷನಾಗಿ ಎರಡು ಕೋರಿಕೆ. ಪಂಚಾಯಿತಿಯ ಹಿರಿಯರಲ್ಲಿ ಮೊದಲನೆಯದು: ಬೀದಿದೀಪ ಹಾಕಿ, ದಾರಿಗೆ ಬೆಳಕು ಬೇಕೇ ಬೇಕು, ಆದರೆ ಬೆಳಕು ನೆಲಕ್ಕೆ ಬೀಳುವಂತೆ ಮೇಲೊಂದು ಮುಚ್ಚಿಗೆ ಇರಲಿ. ಎರಡನೆಯದು ಸುತ್ತಲಿನ ಶಾಲೆಗಳ ಗುರುಗಳಲ್ಲಿ: ಪ್ರತಿ ಶಾಲೆಗೆ ಒಂದು ವಹಿ. ತಾರೀಖು, ಗಂಟೆ, ಕಾಂತಿಯ ಅಂದಾಜು, ಹೋಲಿಸಿದ ಚುಕ್ಕಿಗಳು, ನೋಡಿದವರ ಹೆಸರು. ಮೋಡವಿದ್ದರೆ ಮೋಡ ಎಂದೇ ಬರೆಯಿರಿ. ಈ ಚಳಿಗಾಲಕ್ಕೆ ಆರ್ದ್ರೆಯೊಂದೇ ಸಾಕು. ಹೋಳಿ ಹುಣ್ಣಿಮೆಯಾದ ಮೇಲೆ ವಹಿಗಳನ್ನೆಲ್ಲ ಇಲ್ಲಿಗೇ ತನ್ನಿ. ಒಂದೇ ಹಾಳೆಯ ಮೇಲೆ ಎಲ್ಲರ ಅಂಕಿಗಳನ್ನೂ ಗುರುತಿಸಿ ಗೆರೆ ಎಳೆಯೋಣ. ಅಂಕಿಗಳು ಒಂದಕ್ಕೊಂದು ಹೊಂದಿದರೆ ಜಗತ್ತಿನ ದಾಖಲೆಗೆ ಕಳಿಸೋಣ, ಹೊಂದದಿದ್ದರೆ ಯಾಕೆಂದು ಕೂತು ಹುಡುಕೋಣ.