ಗಾಡಿಯ ಬ್ಯಾಟರಿಯಿಂದ ಮನೆಗೆ ವಿದ್ಯುತ್: ಇನ್ವರ್ಟರ್ ಕೊಳ್ಳುವ ಮುನ್ನ

(ಮಲೆನಾಡಿನ ರೈತರ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಕರೆಂಟು ಹೋಗುವುದು ಹೊಸ ಸುದ್ದಿಯಲ್ಲ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕತ್ತಲೆಯೇ. ಇಂಥ ಹೊತ್ತಿನಲ್ಲಿ ಅಂಗಳದಲ್ಲಿ ನಿಂತಿರುವ ಕಾರು ಅಥವಾ ಜೀಪಿನ ಬ್ಯಾಟರಿಯಿಂದ ಮನೆಯ ದೀಪ, ಟಿ.ವಿ. ನಡೆಸಬಹುದೇ, ಅದಕ್ಕೆ ಎಂಥ ಇನ್ವರ್ಟರ್ ಕೊಳ್ಳಬೇಕು ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ನಡೆಸಬಹುದು. ಆದರೆ ಲೆಕ್ಕ ಹಾಕದೆ ಕೊಂಡರೆ ಹಣವೂ ದಂಡ, ಬೇಕಾದ ಹೊತ್ತಿಗೆ ಗಾಡಿಯೂ ಕೈಕೊಡುತ್ತದೆ.

ಇದು ನನ್ನ ಸ್ವಂತ ಅನುಭವ. ಆಷಾಢದ ಒಂದು ರಾತ್ರಿ ನಮ್ಮ ಜೀಪಿಗೆ ಇನ್ವರ್ಟರ್ ಜೋಡಿಸಿ, ಎಂಜಿನ್ ನಿಲ್ಲಿಸಿಯೇ ಟಿ.ವಿ. ನೋಡಿದೆವು. ದೀಪಗಳನ್ನು ಆರಿಸದೆ ಮಲಗಿದೆವು. ರಾತ್ರಿ ಎರಡು ಗಂಟೆಗೆ ತಂದೆಯವರಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಓಡಿ ಹೋಗಿ ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನೆರೆಯವರು ಎದ್ದು ಬಂದು, ಮಳೆಯಲ್ಲೇ ಜೀಪನ್ನು ಇಳಿಜಾರಿಗೆ ತಳ್ಳಿ ಚಾಲೂ ಮಾಡಿಸಿದರು. ತಂದೆಯವರು ಉಳಿದರು. ಗೇರು ತಾನಾಗಿ ಬದಲಾಗುವ ಇಂದಿನ ಕಾರುಗಳನ್ನು ಹಾಗೆ ತಳ್ಳಿ ಚಾಲೂ ಮಾಡಲೂ ಬರುವುದಿಲ್ಲ. ಆದ್ದರಿಂದ ಮೊದಲ ಮಾತು ಇದು: ಗಾಡಿಯ ಬ್ಯಾಟರಿ ಇರುವುದು ಗಾಡಿಯನ್ನು ಚಾಲೂ ಮಾಡಲಿಕ್ಕೆ. ಮನೆಗೆ ಕೊಡುವುದು ಅದರಲ್ಲಿ ಮಿಕ್ಕಿದ್ದನ್ನು ಮಾತ್ರ.

ಲೆಕ್ಕ ಹಾಕುವ ಬಗೆ

ಇನ್ವರ್ಟರ್ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ. ಬ್ಯಾಟರಿಯ 12 ವೋಲ್ಟ್ ಡಿ.ಸಿ. ವಿದ್ಯುತ್ತನ್ನು ಮನೆಯ ಉಪಕರಣಗಳಿಗೆ ಬೇಕಾದ 230 ವೋಲ್ಟ್ ಎ.ಸಿ. ಆಗಿ ಮಾರ್ಪಡಿಸುತ್ತದೆ, ಅಷ್ಟೇ. ಈ ಮಾರ್ಪಾಟಿನಲ್ಲಿ ಒಂದಿಷ್ಟು ನಷ್ಟವೂ ಆಗುತ್ತದೆ. ನೆನಪಿಡಲು ಸುಲಭವಾದ ಸೂತ್ರವಿದೆ: ಉಪಕರಣಗಳ ಒಟ್ಟು ವ್ಯಾಟನ್ನು 10ರಿಂದ ಭಾಗಿಸಿ. ಬಂದದ್ದೇ ಬ್ಯಾಟರಿಯಿಂದ ಹರಿಯುವ ಆಂಪಿಯರ್.

ಉದಾಹರಣೆಗೆ, 9 ವ್ಯಾಟಿನ ಐದು ಎಲ್.ಇ.ಡಿ. ದೀಪಗಳಿಗೆ 45 ವ್ಯಾಟ್, ಎರಡು ಮೊಬೈಲ್ ಚಾರ್ಜರುಗಳಿಗೆ 20, ಟಿ.ವಿ.ಗೆ 60 ವ್ಯಾಟ್ ಎಂದಿಟ್ಟುಕೊಳ್ಳಿ. ಒಟ್ಟು 125 ವ್ಯಾಟ್, ಅಂದರೆ ಸುಮಾರು 12 ಆಂಪಿಯರ್. ನಿಮ್ಮ ಬ್ಯಾಟರಿ 60 ಆಂಪಿಯರ್-ಗಂಟೆಯದಾದರೆ, ಎಂಜಿನ್ ನಿಲ್ಲಿಸಿದಾಗ ಅದರ ಕಾಲು ಭಾಗ, ಅಂದರೆ 15 ಆಂಪಿಯರ್-ಗಂಟೆಗಿಂತ ಹೆಚ್ಚು ತೆಗೆಯಬೇಡಿ. ಹೀಗೆ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ನಡೆಸಬಹುದು. ಟಿ.ವಿ. ಬಿಟ್ಟರೆ ಎರಡು ಗಂಟೆ ದಾಟುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಇಷ್ಟನ್ನೂ ನಂಬಬೇಡಿ.

ಬ್ಯಾಟರಿ ಇಳಿದಾಗ ಇನ್ವರ್ಟರ್ ತಾನೇ ನಿಲ್ಲುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜ. ಆದರೆ ಅನೇಕ ಇನ್ವರ್ಟರುಗಳು ನಿಲ್ಲುವುದು 10.5 ವೋಲ್ಟಿನ ಸುಮಾರಿಗೆ. ಅಷ್ಟರಲ್ಲಿ ಗಾಡಿ ಚಾಲೂ ಮಾಡುವ ಶಕ್ತಿ ಬ್ಯಾಟರಿಯಲ್ಲಿ ಉಳಿದಿರುವುದಿಲ್ಲ. ನಮ್ಮ ಮನೆಯಲ್ಲಿ ಅಂದು ನಡೆದದ್ದು ಇದೇ.

ಯಾವುದನ್ನು ಆರಿಸಬೇಕು?

ಇನ್ವರ್ಟರಿನ ಮೇಲೆ ಎರಡು ಅಂಕಿಗಳಿರುತ್ತವೆ. ದೊಡ್ಡದು ಕ್ಷಣಕಾಲ ಮಾತ್ರ ಕೊಡಬಲ್ಲ ಶಕ್ತಿ. ನೀವು ನೋಡಬೇಕಾದುದು ಚಿಕ್ಕದನ್ನು, ಅಂದರೆ ನಿರಂತರವಾಗಿ ಕೊಡಬಲ್ಲ ವ್ಯಾಟನ್ನು. ಅದು ನಿಮ್ಮ ಲೆಕ್ಕಕ್ಕಿಂತ ಕಾಲು ಭಾಗವಾದರೂ ಹೆಚ್ಚಿರಲಿ. ಮೇಲಿನ ಉದಾಹರಣೆಗೆ 200 ವ್ಯಾಟಿನದು ಧಾರಾಳವಾಗಿ ಸಾಕು.

ಮೋಟಾರು ಇರುವ ಉಪಕರಣಗಳ ಮಾತು ಬೇರೆ. ಮಿಕ್ಸಿ, ಫ್ರಿಜ್ಜುಗಳು ಹೊರಡುವ ಕ್ಷಣದಲ್ಲಿ ತಮ್ಮ ವ್ಯಾಟಿನ ಹಲವು ಪಟ್ಟು ಎಳೆಯುತ್ತವೆ. 500 ವ್ಯಾಟಿನ ಮಿಕ್ಸಿ ತಿರುಗುವಾಗಲೇ ಬ್ಯಾಟರಿಯಿಂದ 50 ಆಂಪಿಯರ್ ಬೇಕು. ಎರಡು ದಿನದ ಮಟ್ಟಿಗೆ ಮನೆಯ ಒರಳುಕಲ್ಲೇ ಲೇಸು. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ನಿಲ್ಲುತ್ತದೆ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಹೀಟರ್, ಮೂರು ಫೇಸಿನ ಪಂಪುಸೆಟ್ಟುಗಳ ಆಸೆ ಬೇಡ.

ಅಗ್ಗದ ಇನ್ವರ್ಟರುಗಳ ವಿದ್ಯುತ್ ಅಲೆ ಚೌಕಾಕಾರದ್ದು. ಮೊಬೈಲ್ ಚಾರ್ಜರಿಗೂ ಹೆಚ್ಚಿನ ಎಲ್.ಇ.ಡಿ. ದೀಪಗಳಿಗೂ ಅದು ನಡೆಯುತ್ತದೆ. ಫ್ಯಾನು ಮಾತ್ರ ಗುಂಯ್ ಎನ್ನುತ್ತದೆ, ಮೋಟಾರು ಬಿಸಿಯಾಗುತ್ತದೆ. ಫ್ಯಾನನ್ನೂ ನಡೆಸುವುದಿದ್ದರೆ ಬೆಲೆ ಹೆಚ್ಚಾದರೂ 'ಪ್ಯೂರ್ ಸೈನ್ ವೇವ್' ಎಂದು ಬರೆದಿರುವುದನ್ನೇ ಕೊಳ್ಳಿ. ಲಾರಿಯಂಥ ದೊಡ್ಡ ವಾಹನಗಳಲ್ಲಿ 24 ವೋಲ್ಟ್ ಇರುತ್ತದೆ. 12 ವೋಲ್ಟಿನ ಇನ್ವರ್ಟರನ್ನು ಅದಕ್ಕೆ ಜೋಡಿಸಿದರೆ ಸುಟ್ಟುಹೋಗುತ್ತದೆ.

ಜೋಡಿಸುವಾಗ ಎಚ್ಚರ

1. ಕಾರಿನೊಳಗಿನ ಸಿಗರೇಟ್ ಲೈಟರ್ ಸಾಕೆಟ್ಟಿನಿಂದ 100 ವ್ಯಾಟಿಗಿಂತ ಹೆಚ್ಚು ತೆಗೆಯಬೇಡಿ. ಹೆಚ್ಚು ಬೇಕಾದರೆ ನೇರವಾಗಿ ಬ್ಯಾಟರಿಗೆ, ತಯಾರಕರು ಹೇಳಿದ ದಪ್ಪದ ತಾಮ್ರದ ಕೇಬಲ್ಲಿನಿಂದ ಜೋಡಿಸಿ. ಮನೆಯ ವೈರಿಂಗಿನ ತೆಳು ತಂತಿ ಕಾದು ಬೆಂಕಿ ಹತ್ತಬಹುದು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ.

2. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ಕೇಬಲ್ ಆದಷ್ಟು ಗಿಡ್ಡವಾಗಿರಲಿ. ಮನೆಯ ತನಕದ ದೂರವನ್ನು 230 ವೋಲ್ಟಿನ ಕಡೆಯ ಒಳ್ಳೆಯ ಎಕ್ಸ್‌ಟೆನ್ಶನ್ ತಂತಿಯಿಂದ ತುಂಬಿಸಿ. ಇನ್ವರ್ಟರಾಗಲಿ ತಂತಿಯ ಕೂಡುಗಳಾಗಲಿ ಮಳೆಗೆ ನೆನೆಯಬಾರದು. ಈ 230 ವೋಲ್ಟ್ ಸಹ ಮನುಷ್ಯನನ್ನು ಕೊಲ್ಲಬಲ್ಲದು.

3. ಇನ್ವರ್ಟರಿನ ತಂತಿಯನ್ನು ಮನೆಯ ಗೋಡೆಯ ಪ್ಲಗ್ಗಿಗೆ ಎಂದೂ ಚುಚ್ಚಬೇಡಿ. ಆ ವಿದ್ಯುತ್ ಹೊರಗಿನ ಲೈನಿಗೆ ಹರಿದರೆ, ನಿಮಗಾಗಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೇ ಅಪಾಯ. ಮುಂದೆ ಕರೆಂಟು ಬಂದಾಗ ಇನ್ವರ್ಟರ್ ಕೂಡ ಉಳಿಯುವುದಿಲ್ಲ.

4. ಹೆಚ್ಚು ಹೊತ್ತು ಬೇಕಾದರೆ ಎಂಜಿನ್ ಚಾಲೂ ಇಟ್ಟು ನಡೆಸಿ. ಆದರೆ ಮುಚ್ಚಿದ ಶೆಡ್ಡಿನಲ್ಲಿ, ಮಲಗುವ ಕೋಣೆಯ ಕಿಟಕಿಯ ಬಳಿ ಖಂಡಿತ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ.

ವರ್ಷವಿಡೀ ಕರೆಂಟಿನ ತೊಂದರೆ ಇರುವ ಮನೆಗೆ ಗಾಡಿಯ ಇನ್ವರ್ಟರ್ ಪರಿಹಾರವಲ್ಲ. ಆಳವಾಗಿ ಖರ್ಚಾಗಿ ಮತ್ತೆ ತುಂಬಲೆಂದೇ ಮಾಡಿದ ಟ್ಯೂಬುಲರ್ ಬ್ಯಾಟರಿಯ ಮನೆ ಇನ್ವರ್ಟರನ್ನೇ ಹಾಕಿಸಿ. ಗಾಡಿಯದು ಆಪತ್ಕಾಲಕ್ಕೆ ಮಾತ್ರ.

ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಕರೆಂಟಿಲ್ಲದ ರಾತ್ರಿ ನಿಜವಾಗಿ ಬೇಕಾದ ಉಪಕರಣಗಳನ್ನು ಒಂದು ಹಾಳೆಯಲ್ಲಿ ಬರೆದು, ಎದುರಿಗೆ ವ್ಯಾಟ್ ಬರೆದು ಕೂಡಿಸಿ. ಬ್ಯಾಟರಿಯ ಮೇಲಿನ ಅಂಕಿಯನ್ನೂ ಗುರುತು ಹಾಕಿಕೊಳ್ಳಿ. ಆ ಹಾಳೆ ಹಿಡಿದುಕೊಂಡೇ ಅಂಗಡಿಗೆ ಹೋಗಿ. ರಾತ್ರಿ ಮಲಗುವ ಮುನ್ನ ಇನ್ವರ್ಟರ್ ಆರಿಸುವುದನ್ನು ಮರೆಯಬೇಡಿ. ನಮ್ಮ ಹಳ್ಳಿಗಳಲ್ಲಿ ಅಂಗಳದ ಗಾಡಿಯೇ ಆಂಬುಲೆನ್ಸ್. ಅದು ಯಾವ ಹೊತ್ತಿನಲ್ಲಿ ಕರೆದರೂ ಹೊರಡುವಂತಿರಬೇಕು.